ಮುನಿಲಕ್ಷ್ಮಿಯ ಕೈಗುಣ ಮತ್ತು ಎರಡು ಮೀಟರು

ತಾಯಲೂರಿನ ಕಡೆ ಹೋಗಿ "ಟ್ರಾಕ್ಟರ್ ಲಕ್ಷ್ಮಿ ಮನೆ ಎಲ್ಲಿ" ಅಂತ ಕೇಳಿ ನೋಡಿ, ಮಲಗಿದ್ದವರೂ ಎದ್ದು ಬಂದು ತೋರಿಸುತ್ತಾರೆ. ಈಗ ತೋರಿಸುತ್ತಾರೆ, ಆ ಮಾತು ಬೇರೆ. ನಡುವೆ ಐದಾರು ವರ್ಷ ಇದೇ ಜನ ಅವಳು ಎದುರಿಗೆ ಬಂದರೆ ಬಿತ್ತನೆ ಬೀಜದ ಮಂಕರಿಗೆ ಸೆರಗು ಮುಚ್ಚುತ್ತಿದ್ದರು. ಜನರನ್ನು ಬೈದು ಏನು ಪ್ರಯೋಜನ ಹೇಳಿ! ಊರಿನ ಬಾಯಿಗೆ ಮಾತು ಬೇಕು, ಯಾರೋ ಒಬ್ಬರು ತಂದು ಹಾಕಬೇಕು. ಅದನ್ನು ತಂದು ಹಾಕಿದವರು ಯಾರು ಅನ್ನುವುದೇ ಇಲ್ಲಿರುವ ಸಂಕಟ.

ಮುನಿಲಕ್ಷ್ಮಿಗೆ ಟ್ರಾಕ್ಟರ್ ಕಲಿಸಿದ್ದು ಅವಳ ಅಪ್ಪ. ಅವರ ಮನೆಯದು ಹಳೇ ಕಾಲದ ಗಾಡಿ, ಒಂದೇ ಸಿಲಿಂಡರು. ರೇಡಿಯೇಟರ್ ಇಲ್ಲ, ನೀರು ಹಾಕುವ ಮಾತೇ ಇಲ್ಲ. ಮುಂದೆ ಒಂದು ದೊಡ್ಡ ಫ್ಯಾನು ಗಾಳಿ ಎಳೆದು ತಗಡಿನ ಕವಚದೊಳಗೆ ನುಗ್ಗಿಸಬೇಕು, ಆ ಗಾಳಿ ಸಿಲಿಂಡರಿನ ಸುತ್ತ ರೆಕ್ಕೆಯಂತೆ ಇರುವ ಫಿನ್ನುಗಳ ಸಂದಿಯಲ್ಲಿ ಹಾದು ಇಂಜಿನ್ನನ್ನು ತಣ್ಣಗಿಡಬೇಕು. ನೀರಿನ ಇಂಜಿನ್ನಾದರೆ ಕುದಿದು, ಹೊಗೆ ಬಿಟ್ಟು, ಅಯ್ಯೋ ಅಂತ ಕೂಗಿಕೊಳ್ಳುತ್ತದೆ. ಇದು ಮೂಗ ಇದ್ದಂತೆ. ಕಾದರೂ ಹೇಳುವುದಿಲ್ಲ. ಅದಕ್ಕೇ ಅಪ್ಪ, "ಇದರ ಸದ್ದು ಕೇಳಮ್ಮ, ಕಾಲಿಗೆ ಬರೋ ನಡುಕ ನೋಡ್ಕೋ" ಅಂತ ಮಗಳಿಗೆ ಹೇಳಿಕೊಟ್ಟಿದ್ದ. ಮಗ ಭೀಮರಾಜನಿಗೂ ಹೇಳಿಕೊಟ್ಟಿದ್ದ. ಆದರೆ ಭೀಮರಾಜನಿಗೆ ಗಾಡಿಗಿಂತ ಗಾಡಿ ಮೇಲೆ ಕೂತ ತನ್ನ ಠೀವಿ ಮುಖ್ಯ.

ಅಪ್ಪ ತೀರಿಕೊಂಡ ಮೇಲೂ ಅವಳು ಓಡಿಸುವುದು ನಿಲ್ಲಲಿಲ್ಲ. ಸೋದರಮಾವನ ಮಗ ಕದಿರೇಶನನ್ನೇ ಮದುವೆಯಾಗಿದ್ದಳು. ಅವನು ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡಿಕೊಂಡು ವಾರಕ್ಕೊಮ್ಮೆ ಬರುತ್ತಿದ್ದ. ತವರು ಅದೇ ಬೀದಿಯಲ್ಲಿ, ಎದುರು ಸಾಲು. ಅಣ್ಣನೂ ತಂಗಿಯೂ ಸರದಿಯಲ್ಲಿ ಬಾಡಿಗೆ ಉಳುಮೆ ಮಾಡುತ್ತಿದ್ದರು. ಉತ್ತ ಸಾಲು ನೋಡಿದರೇ ಸಾಕು, ಯಾರದು ಅಂತ ಊರಿಗೆ ಗೊತ್ತಾಗುತ್ತಿತ್ತು. ಬರಬರುತ್ತಾ, "ಭೀಮಣ್ಣ, ನೀನು ಬರಬೇಡ, ನಿನ್ನ ತಂಗೀನ ಕಳಿಸು" ಅನ್ನುವವರು ಜಾಸ್ತಿಯಾದರು. ಅವನು ನಗುತ್ತಲೇ, "ಆಯ್ತು ಬಿಡಿ, ನಮ್ಮನೆ ಲಕ್ಷ್ಮಿ ಅಲ್ವಾ" ಅನ್ನುತ್ತಿದ್ದ. ಆ ನಗುವನ್ನು ಅವಳು ನಂಬಿದಳು. ಸ್ವಂತ ಅಣ್ಣನ ನಗುವನ್ನು ನಂಬದೆ ಇನ್ಯಾರದನ್ನು ನಂಬುವುದು?

ಇನ್ನೊಂದು ವಿಷಯ. ಯುಗಾದಿ ಕಳೆದ ಮೇಲೆ ನಮ್ಮ ಕಡೆ ಹೊನ್ನೇರು ಕಟ್ಟುತ್ತಾರೆ, ಅಂದರೆ ಆ ವರ್ಷದ ಮೊದಲನೇ ಉಳುಮೆ. ಎತ್ತು ಹೋಗಿ ಟ್ರಾಕ್ಟರ್ ಬಂದರೂ ಶಾಸ್ತ್ರ ಬಿಟ್ಟಿಲ್ಲ. ಕೈಗುಣ ಇರುವವರ ಕೈಯಲ್ಲಿ ಮೂರು ಸುತ್ತು ಹೊಡೆಸಿದರೆ ಇಡೀ ಊರಿಗೆ ಒಳ್ಳೆಯದು ಅಂತ ನಂಬಿಕೆ. ಕೋದಂಡರಾಮಪ್ಪ ಊರಿಗೆ ದೊಡ್ಡವರು, ಹೊನ್ನೇರು ಅವರ ಹೊಲದಲ್ಲೇ ಆಗಬೇಕು. ಎರಡು ವರ್ಷ ಅದಕ್ಕೆ ಮುನಿಲಕ್ಷ್ಮಿಯನ್ನೇ ಕರೆಸಿದ್ದರು. ಒಬ್ಬ ಹೆಂಗಸನ್ನು! ಎರಡು ವರ್ಷವೂ ಕೆರೆ ತುಂಬಿತು. ಆಮೇಲೆ ಕೇಳಬೇಕೆ? ಟೊಮೆಟೊ ಸಸಿ ನೆಡುವವರಿಗೂ ಅವಳು ಬೇಕು, ಸೀಮೆ ಹಸು ತಂದವರಿಗೂ ಅವಳು ಬಂದು ಮೊದಲು ಹುಲ್ಲು ಹಾಕಬೇಕು.

ಮೂರನೇ ವರ್ಷ ಆ ಶಾಸ್ತ್ರದ ದಿನವೇ ಆಗಬಾರದ್ದು ಆಯಿತು. ಮೂರು ಸುತ್ತು ಮುಗಿಸಿ, ಪೂಜೆ ಮುಗಿಸಿ, "ಇನ್ನು ಮಿಕ್ಕಿದ್ದೂ ಉತ್ತುಬಿಡಮ್ಮ" ಅಂದಿದ್ದಕ್ಕೆ ಅದೇ ಹೊಲ ಉಳುತ್ತಿದ್ದಳು. ಇಂಜಿನ್ನಿನ ಸದ್ದು ದಪ್ಪಗಾದಂತೆ ಅನ್ನಿಸಿತು. ಆಫ್ ಮಾಡೋಣ ಅಂತ ಕೈ ಚಾಚುವಷ್ಟರಲ್ಲಿ ಸುಟ್ಟ ಎಣ್ಣೆ ವಾಸನೆ ಬಂತು, ಗಾಡಿ ಕಿರ್ರೆಂದು ನಿಂತೇಹೋಯಿತು. ಇಂಜಿನ್ ಸೀಜ್, ಪಿಸ್ಟನ್ ಒಳಗೇ ಕಚ್ಚಿಕೊಂಡಿತ್ತು. ಒಬ್ಬಟ್ಟು ಊಟಕ್ಕೆ ಕೂತಿದ್ದವರೆಲ್ಲ ಎಲೆ ಬಿಟ್ಟು ಓಡಿ ಬಂದರು. ಭೀಮರಾಜನೂ ಬಂದ. ಕವಚದ ಮೇಲೆ ಎರಡು ಹನಿ ನೀರು ಚಿಮುಕಿಸಿ, ಚುರ್ ಅಂದಿದ್ದನ್ನು ಎಲ್ಲರಿಗೂ ಕೇಳಿಸಿ, ತಲೆ ಮೇಲೆ ಕೈಯಿಟ್ಟುಕೊಂಡ.

"ಕಾಯ್ಸಿ ಕಾಯ್ಸಿ ಸಾಯಿಸ್ಬಿಟ್ಯಲ್ಲೇ! ಸದ್ದು ಕೇಳಿಸ್ಲಿಲ್ವಾ ನಿಂಗೆ? ಅಪ್ಪ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡಿದ್ದ ಗಾಡಿ ಕಣೇ ಇದು!"

ಸದ್ದು ಕೇಳಿಸಿತ್ತಲ್ಲ, ಕೈ ತಡವಾಯಿತಲ್ಲ, ತಪ್ಪು ನನ್ನದೇ ಅಂದುಕೊಂಡಳು. ಆ ವರ್ಷ ಮಳೆಯೂ ಕೈಕೊಟ್ಟಿತು, ಕೋಲಾರದ ಮಾರ್ಕೆಟ್ಟಿನಲ್ಲಿ ಟೊಮೆಟೊ ಕೇಳುವವರಿಲ್ಲದೆ ಜನ ರಸ್ತೆಗೆ ಸುರಿದು ಬಂದರು. ಹೊನ್ನೇರಿನ ದಿನವೇ ಇಂಜಿನ್ ಸತ್ತ ಮೇಲೆ ಇನ್ನೇನಾಗುತ್ತದೆ ಅಂದರು. ಕೈಗುಣ ಅನ್ನುವುದು ಬರುವಾಗ ಎಷ್ಟು ಬೇಗ ಬಂತೋ ಅಷ್ಟೇ ಬೇಗ ಹೋಯಿತು.

ಬೇರೆಯವರು ಅಂದಿದ್ದನ್ನು ಅವಳು ಹೇಗೋ ನುಂಗಿದಳು. ನುಂಗಲಾಗದ್ದು ತವರಿನದು. ಅಮ್ಮ ಮುನಿಶಾಮಮ್ಮ ರೇಷ್ಮೆ ಹುಳು ಸಾಕುತ್ತಿದ್ದಳು. ಹುಳು ಜ್ವರದಿಂದ ಎದ್ದು, ಅಂದರೆ ಪೊರೆ ಬಿಟ್ಟು, ಸೊಪ್ಪಿಗೆ ಬಾಯಿ ಹಾಕುವ ಹೊತ್ತಿನಲ್ಲಿ ಮನೆಮಂದಿಗೆಲ್ಲ ಕೈತುಂಬ ಕೆಲಸ. ಮೊದಲೆಲ್ಲ ಮುನಿಲಕ್ಷ್ಮಿಯೇ ಹೋಗಿ ಸೊಪ್ಪು ಹಾಕಿ ಬರುತ್ತಿದ್ದಳು. ಗಾಡಿ ಕೆಟ್ಟ ಮೇಲೆ ಬಂದ ಮೊದಲ ಬೆಳೆಗೆ ಅವಳು ಸೊಪ್ಪಿನ ಹೊರೆ ಹೊತ್ತು ಹುಳು ಮನೆ ಬಾಗಿಲಿಗೆ ಹೋದಾಗ ಅಮ್ಮ ಅಡ್ಡ ನಿಂತಳು.

"ಅಲ್ಲೇ ಇಳಿಸಮ್ಮ. ಒಳಗೆ ಬರಬೇಡ. ಹುಳು ಅಂದ್ರೆ ನಾಜೂಕು ಅಲ್ವಾ, ನಾಲ್ಕು ಜನ ನಾಲ್ಕು ಮಾತಾಡ್ತಾರೆ."

ಹೊರೆಯನ್ನು ಹೊಸ್ತಿಲಲ್ಲೇ ಇಳಿಸಿ ಬಂದಳು. ಮನೆಗೆ ಬಂದು ಕೈ ನೋಡಿಕೊಂಡು ಅತ್ತಳು. ಹೆತ್ತ ತಾಯಿಯೇ ಅಂದ ಮೇಲೆ ನನ್ನ ಕೈಯಲ್ಲೇ ದೋಷ ಇರಬೇಕು ಅಂದುಕೊಂಡಳು. ಅವತ್ತಿನಿಂದ ತನ್ನ ಹಿತ್ತಲಿನ ಸೊಪ್ಪಿನ ಬೀಜವನ್ನು ಕೂಡ ತಾನು ಎರಚಲಿಲ್ಲ. ಪಕ್ಕದ ಮನೆ ಅನಸೂಯಮ್ಮನ ಕೈಯಲ್ಲಿ ಎರಚಿಸುತ್ತಿದ್ದಳು. ಕದಿರೇಶ, "ಹೋಗ್ಲಿ ಬಿಡೇ, ಕಬ್ಬಿಣದ ಸಾಮಾನು ಕೆಡದೆ ಇರುತ್ತಾ" ಅಂತ ಎಷ್ಟು ಹೇಳಿದರೂ ಅದು ಅವಳ ತಲೆಗೆ ಇಳಿಯಲಿಲ್ಲ.

ಹೀಗೇ ವರ್ಷಗಳು ಉರುಳಿದವು. ಗಾಡಿಯ ಸಿಲಿಂಡರು ಕೊರೆಸಿ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿ ಭೀಮರಾಜನೇ ಓಡಿಸಿದ. ಊರಿಗೆ ಬೇರೆ ಗತಿಯಿರಲಿಲ್ಲ, ಅವನನ್ನೇ ಕರೆದರು. ಹೊನ್ನೇರೂ ಅವನ ಪಾಲಾಯಿತು. ಕೊನೆಗೆ ಅವನ ಬೆನ್ನು ಹಿಡಿದುಕೊಂಡಿತು. ಕೋಲಾರದ ಡಾಕ್ಟರು ಟ್ರಾಕ್ಟರ್ ಸೀಟಿನ ಮೇಲೆ ಕೂತರೆ ಮಲಗಿಬಿಡುತ್ತೀಯ ಅಂದರು. ಆಗ ಅಣ್ಣನಿಗೆ ತಂಗಿ ನೆನಪಾದಳು.

"ಲೇ ಲಕ್ಷ್ಮಿ, ಹಳೇದೆಲ್ಲ ಮರೆತುಬಿಡು. ನೀನೇ ಓಡಿಸು. ಆದ್ರೆ ಒಂದು, ಮೀಟರು ಹಾಕಿಸೋಣ. ಹೀಟಿಗೊಂದು, ಆಯಿಲ್ ಪ್ರೆಶರಿಗೊಂದು. ಮುಳ್ಳು ಕೆಂಪಿಗೆ ಬಂದ್ರೆ ಆಫ್ ಮಾಡಿಬಿಡೋದು. ನಿನ್ನ ಕಿವಿ ನಂಬೋಕಾಗಲ್ಲ ನೋಡು."

ಚುಚ್ಚಿತು. ಆದರೂ ಖುಷಿಯಾಯಿತು. ತನ್ನ ಕೈ ಮೇಲೆ ತನಗೇ ನಂಬಿಕೆ ಇಲ್ಲದವಳಿಗೆ ಮೀಟರು ಅಂದರೆ ಊರುಗೋಲು ಸಿಕ್ಕ ಹಾಗೆ. ಮೂಗ ಗಾಡಿಗೆ ಬಾಯಿ ಬರುತ್ತದೆ, ಇನ್ನು ಸಾಯಿಸುವುದಿಲ್ಲ ಅಂದುಕೊಂಡು ದೇವರಿಗೆ ಕೈಮುಗಿದು ಸೀಟು ಹತ್ತಿದಳು. ಮುಳಬಾಗಿಲು ಮುಟ್ಟುವವರೆಗೂ ಎರಡನೇ ಗೇರಿನಿಂದ ಮೇಲಕ್ಕೆ ಹೋಗಲೇ ಇಲ್ಲ. ಹಿಂದೆ ಬಂದ ಬಸ್ಸುಗಳೆಲ್ಲ ಹಾರನ್ ಹೊಡೆದು ಹೊಡೆದು ಸಾಕಾಗಿ ಮುಂದೆ ಹೋದವು.

ಮುಳಬಾಗಿಲಿನಲ್ಲಿ ಆ ಗಾಡಿ ಬಿಚ್ಚುವ ಧೈರ್ಯ ಇರುವ ಮೆಕ್ಯಾನಿಕ್ ಅಂದರೆ ಅಮರನಾಥ್ ಒಬ್ಬನೇ. ಬೋರ್ ಮಾಡಿದವನೂ ಅವನೇ. ನಾಚಿಕೆಯಿಂದ ಅವಳು ಆ ಶೆಡ್ಡಿನ ಕಡೆ ಒಂದು ದಿನವೂ ಹೋಗಿರಲಿಲ್ಲ. ಅವನು ಮೀಟರಿನ ಡಬ್ಬ ಬಿಚ್ಚಿ ನೋಡಿದ.

"ಹೀಟ್ ಮೀಟರಿನ ಬಳೆ ಹೆಡ್ ಬೋಲ್ಟಿನ ಕೆಳಗೆ ಕೂರಬೇಕು ಲಕ್ಷ್ಮಕ್ಕ. ಕವಚ ಬಿಚ್ಚಬೇಕು, ಸ್ವಲ್ಪ ಹೊತ್ತು ಹಿಡಿಯುತ್ತೆ. ಟೀ ಕುಡೀರಿ."

ಟೀ ಕುಡಿಯುತ್ತ ನೋಡುತ್ತ ಕೂತಳು. ಅವನು ಕವಚ ತೆಗೆದು, ಟಾರ್ಚು ಬಿಟ್ಟು ಫಿನ್ನುಗಳ ಸಂದಿಯಲ್ಲಿ ಇಣುಕಿ, "ಈ ಸಲ ಪರವಾಗಿಲ್ಲ" ಅಂದ.

"ಏನು ಪರವಾಗಿಲ್ಲ ಅಮರಣ್ಣ?"

"ಹೊಟ್ಟು ಕಣಕ್ಕ. ಆಗ ಸೀಜ್ ಆದಾಗ ನೋಡಬೇಕಿತ್ತು ನೀವು. ಒಂದು ಮಂಕರಿ ರಾಗಿ ಹೊಟ್ಟು ಕೆರೆದು ತೆಗೆದೆ ಇಲ್ಲಿಂದ. ಎಣ್ಣೆ ಜೊತೆ ಕಲಸಿ, ಗಾರೆ ಹಾಕಿದಂಗೆ ಗಟ್ಟಿಯಾಗಿತ್ತು. ಗಾಳಿ ಆಡೋಕೆ ಜಾಗವೇ ಇರಲಿಲ್ಲ. ಅದು ಅಷ್ಟು ದಿನ ಓಡಿದ್ದೇ ದೊಡ್ಡದು. ಯಾರ ಕೈಯಲ್ಲಿದ್ದರೂ ನಿಂತುಹೋಗ್ತಿತ್ತು."

ಅವಳು ಲೋಟ ಕೆಳಗಿಟ್ಟಳು. ಆ ಹೊನ್ನೇರಿಗೆ ಮುಂಚಿನ ಸುಗ್ಗಿಯಲ್ಲಿ ರಾಗಿ ಕಣಕ್ಕೆ ಗಾಡಿ ತೆಗೆದುಕೊಂಡು ಹೋಗಿದ್ದವನು ಭೀಮರಾಜ. ಬೈರಕೂರಿನ ಕಡೆ ಕಣದಿಂದ ಕಣಕ್ಕೆ ಕಲ್ಲಿನ ಗುಂಡು ಕಟ್ಟಿಕೊಂಡು ಸುತ್ತಿದ್ದ. ಕಣದಲ್ಲಿ ಸುತ್ತಿದ ಗಾಡಿ ಫ್ಯಾನಿನಿಂದ ಹೊಟ್ಟು ಎಳೆದುಕೊಳ್ಳುತ್ತದೆ, ಮನೆಗೆ ಬಂದ ಕೂಡಲೇ ಕವಚ ಬಿಚ್ಚಿ ಗಾಳಿ ಹೊಡೆಸಬೇಕು. ಅಪ್ಪ ಮೊದಲು ಹೇಳಿಕೊಟ್ಟಿದ್ದೇ ಅದು. "ಹೊಡೆಸಿದ್ಯಾ ಅಣ್ಣಾ" ಅಂತ ಅವಳು ಕೇಳಿದ್ದಳು. "ಎಲ್ಲಾ ಆಗಿದೆ ಕಣೇ" ಅಂದಿದ್ದ.

"ಇದು ನಮ್ಮಣ್ಣನಿಗೆ ಗೊತ್ತಾ?"

"ಗೊತ್ತಿಲ್ಲದೆ? ಹೊಟ್ಟು ಕೈಗೇ ಕೊಟ್ಟು ತೋರಿಸಿದೆ. ಯಾಕೆ, ಹೇಳಿಲ್ವಾ ನಿಮಗೆ?"

ಅಮರನಾಥ್ ಅವಳ ಮುಖ ನೋಡಿದ. ಏನೋ ಆಡಬಾರದ್ದು ಆಡಿದೆ ಅನ್ನಿಸಿರಬೇಕು, ಸ್ಪ್ಯಾನರು ಹಿಡಿದು ಕೆಲಸಕ್ಕೆ ಇಳಿದ. ಹೀಟಿನ ವೈರು ಎಳೆದ, ಆಯಿಲಿನ ಪೈಪು ಕೂರಿಸಿದ, ಸ್ಟೇರಿಂಗಿನ ಹಿಂದೆ ಪಟ್ಟಿ ಹೊಡೆದು ಎರಡು ಗುಂಡನೆ ಮೀಟರು ನಿಲ್ಲಿಸಿದ. ಸ್ಟಾರ್ಟ್ ಮಾಡಿ, "ನೋಡಿ, ಮುಳ್ಳು ಎಷ್ಟು ಚೆನ್ನಾಗಿ ಏಳುತ್ತೆ" ಅಂದ. ಅವಳು ನೋಡಿದಳು. ಕಣ್ಣಿಗೆ ಏನೂ ಕಾಣಿಸುತ್ತಿರಲಿಲ್ಲ.

ವಾಪಸ್ ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಮೊದಲು ಅಮ್ಮನಿಗೆ ಹೇಳಬೇಕು. ನನ್ನ ಕೈಯದು ಏನೂ ತಪ್ಪಿಲ್ಲಮ್ಮ, ಎಲ್ಲಾ ಅಣ್ಣನದು ಅಂತ ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಡಬೇಕು. ಅಮ್ಮ ಎದ್ದು ಹೋಗಿ ಮಗನ ಕೆನ್ನೆಗೆ ಬಾರಿಸುತ್ತಾಳೆ, ಬಾರಿಸಲೇಬೇಕು. ಪಾಪ, ಎಷ್ಟು ನಂಬಿದ್ದಳು ನೋಡಿ.

ಮುನಿಶಾಮಮ್ಮ ಜಗಲಿಯಲ್ಲಿ ಅಲಸಂದೆಕಾಯಿ ಸುಲಿಯುತ್ತ ಕೂತಿದ್ದಳು. ಮಗಳು ಗಾಡಿ ನಿಲ್ಲಿಸಿ ಬಂದು, "ಅಮ್ಮ, ಇವತ್ತು ಅಮರನಾಥಣ್ಣ ಒಂದು ವಿಷಯ ಹೇಳಿದ" ಅಂದಳು, ಅಷ್ಟೇ. ಮುಂದೆ ಒಂದು ಅಕ್ಷರ ಆಡಿರಲಿಲ್ಲ.

"ಆ ಮೆಕ್ಯಾನಿಕ್ ಬಾಯಿಗೆ ಬೀಗ ಇಲ್ವಾ?" ಅಂದುಬಿಟ್ಟಳು ಅಮ್ಮ. "ಆಗಲೇ ಹೇಳಿದ್ದೆ ಭೀಮಂಗೆ, ಅವನ ಹತ್ರ ಕಳಿಸಬೇಡ್ವೋ ಅಂತ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ಮುನಿಲಕ್ಷ್ಮಿ ಅಮ್ಮನ ಎದುರಿಗೆ ಬಂದು ಕೂತಳು.

"ನಿಂಗೂ ಗೊತ್ತಿತ್ತಾ?"

"ಆಮೇಲೆ ಗೊತ್ತಾಯ್ತು ಕಣೇ. ಇವನೇ ಬಂದು ಹೇಳ್ಕೊಂಡ, ಅತ್ಕೊಂಡ. ಏನು ಮಾಡ್ಲಿ ನಾನು? ಅಷ್ಟೊತ್ತಿಗೆ ಊರಲ್ಲೆಲ್ಲ ನಿನ್ನ ಹೆಸರು ಹೇಳಿಬಿಟ್ಟಿದ್ದ. ಅವನು ಗಂಡಸು, ಆ ಗಾಡಿ ಓಡಿಸ್ಕೊಂಡೇ ಬಾಳಬೇಕು. ಇಂಜಿನ್ ಸುಟ್ಟೋನು ಅಂದ್ರೆ ಯಾರು ಕರೀತಾರೆ? ನಿಂಗಾದ್ರೆ ಗಂಡನ ಸಂಬಳ ಇದೆ. ಪೋನೀಲೇ ಅಮ್ಮಾಯಿ, ಹೋಗ್ಲಿ ಬಿಡು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಇಲ್ಲಿ ಬರೆ ಹಾಕಿದವಳು ಹೆತ್ತವಳು.

"ಅಮ್ಮ, ಹುಳು ಮನೆ ಬಾಗಿಲಲ್ಲಿ ನನ್ನ ನಿಲ್ಲಿಸಿದ್ಯಲ್ಲ. ಆಗ ಗೊತ್ತಿತ್ತಾ?"

ಮುನಿಶಾಮಮ್ಮ ಸುಲಿದ ಕಾಳನ್ನು ಮೊರದಲ್ಲಿ ಸರಿಸಿದಳು.

"ನಿನ್ನ ಒಳಗೆ ಬಿಟ್ಟುಕೊಂಡಿದ್ರೆ ಜನ ಕೇಳ್ತಿರಲಿಲ್ವಾ? ತಾಯಿಗೇ ಮಗಳ ಕೈ ಮೇಲೆ ಅನುಮಾನ ಇಲ್ಲ, ಹಂಗಾದ್ರೆ ತಪ್ಪು ಯಾರದು ಅಂತ? ಒಂದು ಸುಳ್ಳು ಹೇಳಿದ ಮೇಲೆ ಅದನ್ನ ಸಾಕಬೇಕಲ್ಲಮ್ಮ."

ಅಯ್ಯೋ, ಇಂಥ ಮಾತನ್ನು ಬಾಯಿ ತುಂಬ ಹೇಳಿದಳಲ್ಲ! ಮುನಿಲಕ್ಷ್ಮಿಗೆ ಅಳು ಕೂಡ ಬರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಒಳಗಿನಿಂದ ಭೀಮರಾಜ ಸೊಂಟ ಹಿಡಿದುಕೊಂಡು ಬಂದ. ಎಲ್ಲಾ ಕೇಳಿಸಿಕೊಂಡಿದ್ದ. ಸಣ್ಣಗಾದ, ಕೈ ಮುಗಿದ, ಏನೋ ಆಗ ಬುದ್ಧಿಗೆ ಮಂಕು ಬಡಿದಿತ್ತು ಅಂದ.

"ನಂಗೆ ನಿನ್ನ ಕೈಮುಗಿಯೋದು ಬೇಡ. ನನ್ನ ಹೆಸರು ವಾಪಸ್ ಬೇಕು. ನಾಡಿದ್ದು ಹೊನ್ನೇರು. ಯಾರ ಮುಂದೆ ನನ್ನ ಅಂದಿದ್ಯೋ ಅವರ ಮುಂದೆನೇ ಹೇಳು, ಹೊಟ್ಟು ಬಿಟ್ಟಿದ್ದು ನಾನು ಅಂತ. ಹೇಳಿದ್ರೆ ಗಾಡಿ ಹತ್ತುತೀನಿ."

"ಹೇಳ್ತೀನಿ ಕಣಮ್ಮ. ನಿನ್ನಾಣೆ, ಅಪ್ಪನಾಣೆ ಹೇಳ್ತೀನಿ" ಅಂದ.

ಆಣೆ ಇಟ್ಟದ್ದು ಅಪ್ಪನ ಮೇಲೆ. ಅವಳು ಮತ್ತೆ ನಂಬಿದಳು. ಬಯ್ಯಬೇಡಿ, ಒಡಹುಟ್ಟಿದವರನ್ನು ನಂಬುವ ಚಟ ಒಂದೇ ದಿನಕ್ಕೆ ಬಿಡುವುದಿಲ್ಲ.

ಹೊನ್ನೇರಿನ ದಿನ ಬೆಳಿಗ್ಗೆ ಕೋದಂಡರಾಮಪ್ಪನವರ ಹೊಲದಲ್ಲಿ ಊರು ಸೇರಿತ್ತು. ಗಾಡಿಗೆ ಅರಿಶಿನ ಕುಂಕುಮ ಇಟ್ಟಿದ್ದರು. ಹೂವಿನ ಹಾರವನ್ನು ಮುನಿಲಕ್ಷ್ಮಿ ಫ್ಯಾನಿಗೆ ಅಡ್ಡ ಬರದ ಹಾಗೆ ಪಕ್ಕಕ್ಕೆ ಕಟ್ಟಿದಳು. ಅವಳು ಸೀಟಿನ ಮೇಲೆ ಕೂತಿದ್ದು ನೋಡಿ ಕೆಲವರು ಮುಖ ಮುಖ ನೋಡಿಕೊಂಡರು. ಕೋದಂಡರಾಮಪ್ಪನವರೂ ಸ್ವಲ್ಪ ಹಿಂಜರಿದರು.

"ಏನಪ್ಪಾ ಭೀಮರಾಜ, ಲಕ್ಷ್ಮಿ ಕೈಲೇ ಹೊಡೆಸೋದಾ?"

ಎಲ್ಲರೂ ಅವನ ಕಡೆ ತಿರುಗಿದರು. ಭೀಮರಾಜ ಗಂಟಲು ಸರಿಮಾಡಿಕೊಂಡ.

"ಭಯಪಡಬೇಡಿ ದೊಡ್ಡೋರೇ. ಮೀಟರು ಹಾಕಿಸಿದ್ದೀನಿ. ಇನ್ನು ಇವಳು ಏನು ಮಾಡಿದ್ರೂ ಕೆಡಿಸೋಕಾಗಲ್ಲ."

ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ಕಾಯಿ ಒಡೆದರು, ಮಂಗಳಾರತಿ ಎತ್ತಿದರು. ಅವಳ ಕಾಲು ತಾನೇ ತಾನಾಗಿ ಕ್ಲಚ್ಚು ಬಿಟ್ಟಿತು. ಮೊದಲ ಸುತ್ತು ಗೆರೆ ಎಳೆದ ಹಾಗೆ ನೇರ ಬಂತು. ಎರಡನೇ ಸುತ್ತು ಅದಕ್ಕಿಂತ ಚೆನ್ನಾಗಿ ಬಂತು. ಮೀಟರಿನ ಮುಳ್ಳು ಎಲ್ಲಿರಬೇಕೋ ಅಲ್ಲೇ ಇತ್ತು. ಅವಳು ಅದರ ಕಡೆ ನೋಡಿಯೂ ಇರಲಿಲ್ಲ, ಕಿವಿಗೆ ಎಲ್ಲಾ ಗೊತ್ತಾಗುತ್ತಿತ್ತು. "ಮೀಟರು ಹಾಕಿಸಿದ್ದು ಒಳ್ಳೇದಾಯ್ತು ಬಿಡು" ಅಂತ ಬದುವಿನ ಮೇಲೆ ಯಾರೋ ಅಂದಿದ್ದೂ ಕೇಳಿಸಿತು.

ಎರಡನೇ ಸುತ್ತು ಮುಗಿದ ಕಡೆ ಗಾಡಿ ನಿಲ್ಲಿಸಿ, ಇಂಜಿನ್ ಓಡುತ್ತಿರುವಾಗಲೇ ಇಳಿದುಬಿಟ್ಟಳು.

ಹೋ ಅಂತ ಎದ್ದರು ಎಲ್ಲ. ಹೊನ್ನೇರನ್ನು ಅರ್ಧಕ್ಕೆ ಬಿಡುವುದುಂಟೇ? ಮೂರು ಸುತ್ತು ಮುಗಿಯುವ ಮುಂಚೆ ಉಳುವವರು ನೆಲಕ್ಕೆ ಕಾಲಿಟ್ಟರೆ ಆ ಗಾಡಿಯ ಮನೆಯವರೇ ಯಾರಾದರೂ ಹತ್ತಿ ಮುಗಿಸಬೇಕು, ಇಲ್ಲದಿದ್ದರೆ ಊರಿಗೇ ಕೇಡು.

"ಏಮ್ಮಾ ಲಕ್ಷ್ಮಿ, ಏನಾಯ್ತು? ಮುಳ್ಳು ಕೆಂಪಿಗೆ ಬಂತಾ?" ಅಂತ ಕೋದಂಡರಾಮಪ್ಪ ಓಡಿ ಬಂದರು.

"ಗಾಡಿಗೆ ಏನೂ ಆಗಿಲ್ಲ ತಾತ. ನಮ್ಮಣ್ಣ ನಿಮಗೆಲ್ಲ ಒಂದು ಮಾತು ಹೇಳೋದಿದೆ. ಅವತ್ತು ಇಂಜಿನ್ ಯಾಕೆ ಹೋಯ್ತು ಅಂತ ಅವನಿಗೆ ಗೊತ್ತು." ಅಣ್ಣನ ಕಡೆ ತಿರುಗಿದಳು. "ಹೇಳಿದ್ರೆ ಹತ್ತಿ ಮೂರನೇ ಸುತ್ತು ನಾನೇ ಹೊಡೀತೀನಿ. ಹೇಳಲ್ಲ ಅಂದ್ರೆ ನೀನೇ ಹತ್ತು."

ಭೀಮರಾಜ ಜನರನ್ನು ನೋಡಿದ. ಕೋದಂಡರಾಮಪ್ಪನವರನ್ನು ನೋಡಿದ. ತಂಗಿಯನ್ನು ಮಾತ್ರ ನೋಡಲಿಲ್ಲ. ಟವೆಲ್ಲನ್ನು ಸೊಂಟಕ್ಕೆ ಬಿಗಿದು ಗಾಡಿಯ ಕಡೆ ನಡೆದ.

ಒಂದು ಮಾತು ಸಾಕಾಗಿತ್ತು. ಹೊಟ್ಟು ಬಿಟ್ಟಿದ್ದು ನಾನು ಅಂತ ಒಂದೇ ಒಂದು ಮಾತು. ಅದಕ್ಕಿಂತ ಬೆನ್ನು ಮುರಿದುಕೊಳ್ಳುವುದೇ ಅವನಿಗೆ ಹಗುರ ಅನ್ನಿಸಿತು. ಮಡ್ಗಾರ್ಡು ಹಿಡಿದು ಒಂದು ಕಾಲು ಎತ್ತಿದ, ಹಲ್ಲು ಕಚ್ಚಿದ, ಮೇಲಕ್ಕೆ ಏಳಲಾಗಲಿಲ್ಲ. ಯಾರೂ ಕದಲಲಿಲ್ಲ. ಅಲ್ಲಿದ್ದವರಿಗೆ ಅಷ್ಟು ಹೊತ್ತಿಗೆ ವಿಷಯ ತಿಳಿದುಹೋಗಿತ್ತು, ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ. ಕೋದಂಡರಾಮಪ್ಪ ಬಂದು ಮುನಿಲಕ್ಷ್ಮಿಯ ತಲೆ ಮೇಲೆ ಕೈಯಿಟ್ಟು, "ತಪ್ಪಾಯ್ತು ತಾಯಿ" ಅಂದರು. ಅವಳಿಗೆ ಅದು ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಅವಳ ಕಣ್ಣು ಅಮ್ಮನ ಮೇಲಿತ್ತು. ಈಗಲಾದರೂ ನನ್ನ ಹತ್ತಿರ ಬರುತ್ತಾಳಾ ಅಂತ ಕಾಯುತ್ತಿದ್ದಳು.

ಮುನಿಶಾಮಮ್ಮ ಎದ್ದಳು. ಉತ್ತ ಮಣ್ಣಿನ ಹೆಂಟೆ ಎಡವಿಕೊಂಡು ಬಂದಳು. ಮಗಳನ್ನು ದಾಟಿಕೊಂಡು ಹೋಗಿ, ಮಗನ ರಟ್ಟೆಗೆ ಹೆಗಲು ಕೊಟ್ಟು, ತನ್ನ ಶಕ್ತಿಯನ್ನೆಲ್ಲ ಹಾಕಿ ಅವನನ್ನು ಸೀಟಿಗೆ ಹತ್ತಿಸಿದಳು.

"ನಿಧಾನ ಕಂದಾ, ನೋವಾದೀತು" ಅಂದಳು.

ಈ ಐದಾರು ವರ್ಷದಲ್ಲಿ ಆ ಮಾತನ್ನು ತನಗೆ ಒಂದು ಸಲವಾದರೂ ಅಂದಿದ್ದಳಾ ಅಂತ ಮುನಿಲಕ್ಷ್ಮಿ ನೆನೆಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ.